ಅರಿಶಿನದ ಹಾದಿ ಕರುಳಲ್ಲಿದೆಯೋ, ರಕ್ತದಲ್ಲೋ?



1970ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇಲಿಗಳ ಆಹಾರಕ್ಕೆ ಕೊಲೆಸ್ಟರಾಲಿನ ಜೊತೆ ಅರಿಶಿನದ ಕರ್ಕ್ಯುಮಿನ್ ಬೆರೆಸಿದರು. ರಕ್ತದಲ್ಲೂ ಯಕೃತ್ತಿನಲ್ಲೂ ಕೊಲೆಸ್ಟರಾಲ್ ತಗ್ಗಿತು. ಮಲದಲ್ಲಿ ಪಿತ್ತಾಮ್ಲ ಹೆಚ್ಚು ಹೊರಬಿತ್ತು. ತೊಂಬತ್ತರ ದಶಕದಲ್ಲಿ ಅದೇ ಸಂಸ್ಥೆ ಮಧುಮೇಹ ಬರಿಸಿದ ಇಲಿಗಳಿಗೆ ಶೇ. 0.5ರಷ್ಟು ಕರ್ಕ್ಯುಮಿನ್ ಇರುವ ಆಹಾರವನ್ನು ಎಂಟು ವಾರ ಕೊಟ್ಟಿತು. ರಕ್ತದ ಸಕ್ಕರೆ ಇಳಿಯಲಿಲ್ಲ. ಯಕೃತ್ತಿನ ಕೊಬ್ಬು ಇಳಿಯಿತು! ಕೊಲೆಸ್ಟರಾಲನ್ನು ಪಿತ್ತಾಮ್ಲವಾಗಿಸುವ ಕಿಣ್ವ ಚುರುಕಾಗಿತ್ತು.

ಆ ಕೆಲಸವನ್ನು ಬೆಳೆಸಿದ ಹಲವರು ಈ ಸಮ್ಮೇಳನದ ಮುಂದಿನ ಸಾಲಿನಲ್ಲೇ ಇದ್ದಾರೆ. ಅವರ ಪ್ರಬಂಧಗಳನ್ನು ಅವರೆದುರೇ ಒಪ್ಪಿಸುವುದು ಸಲ್ಲದು.

ಸಕ್ಕರೆ ಕದಲದೆ ಯಕೃತ್ತು ಹಗುರವಾದದ್ದು ಹೇಗೆ? ಈ ಕ್ಷೇತ್ರ ಅಲ್ಲೇ ನಿಂತು ಯೋಚಿಸಬೇಕಿತ್ತು. ನಿಲ್ಲಲಿಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು, 2 ಗ್ರಾಂ ಕರ್ಕ್ಯುಮಿನ್ ನುಂಗಿದರೂ ರಕ್ತದಲ್ಲಿ ಅದರ ಸುಳಿವೇ ಸಿಗದಷ್ಟು ಕಡಿಮೆ, ಕರಿಮೆಣಸಿನ 20 ಮಿಲಿಗ್ರಾಂ ಪೈಪರಿನ್ ಸೇರಿಸಿದರೆ ಇಪ್ಪತ್ತು ಪಟ್ಟು ಹೆಚ್ಚು ಎಂದು ತೋರಿಸಿದರು. ಅದು ಅಚ್ಚುಕಟ್ಟಾದ ಪ್ರಯೋಗ. ದಾರಿ ತಪ್ಪಿದ್ದು ಅದರ ನಂತರ. ಹೇಗಾದರೂ ಮಾಡಿ ರಕ್ತಕ್ಕೆ ಸೇರಿಸುವುದೇ ಗುರಿಯಾಯಿತು. ನ್ಯಾನೊ ಕಣಗಳು ಬಂದವು, ಪೈಪರಿನ್ ಬೆರೆತ ಮಾತ್ರೆಗಳು ಬಂದವು. ಕರ್ಕ್ಯುಮಿನ್ ಕರುಳಲ್ಲಿದ್ದುಕೊಂಡೇ, ಪಿತ್ತದ ಮೂಲಕವೋ ಅಲ್ಲಿನ ಸೂಕ್ಷ್ಮಜೀವಿಗಳ ಮೂಲಕವೋ ಯಕೃತ್ತಿನ ಮೇಲೆ ಪ್ರಭಾವ ಬೀರುತ್ತದೆಯೇ ಎಂಬ ಪ್ರಶ್ನೆ ಇವತ್ತಿಗೂ ಬಗೆಹರಿದಿಲ್ಲ.

ಪ್ರಮಾಣದ ಮಾತೂ ಇದೆ. ಅರಿಶಿನದಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3. ನಾವು ತಿನ್ನುವುದು ದಿನಕ್ಕೆ ಅರ್ಧ ಕಿಲೋ ಒಣ ಆಹಾರ ಎಂದಿಟ್ಟುಕೊಂಡರೂ, ಇಲಿಯ ಪಾಲಿಗೆ ಸಮನಾಗಲು ಸುಮಾರು 80 ಗ್ರಾಂ ಅರಿಶಿನ ಬೇಕು. ಹುಳಿಗೆ ಹಾಕುವುದು ಒಂದು ಚಿಟಿಕೆ. ಇನ್ನು ಆ ಪ್ರಯೋಗದಂತೆ ಸ್ಟ್ರೆಪ್ಟೊಝೊಟೊಸಿನ್ ಕೊಟ್ಟು ಮಧುಮೇಹ ಬರಿಸಿದ ಇಲಿಗಳಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ. ನಮ್ಮ ಬಹುಪಾಲು ರೋಗಿಗಳದು ಇನ್ಸುಲಿನ್ ಇದ್ದೂ ಕೆಲಸ ಮಾಡದ, ಹೊಟ್ಟೆಯ ಸುತ್ತ ಬೊಜ್ಜು ಬೆಳೆದ, ಯಕೃತ್ತಿಗೆ ಕೊಬ್ಬು ತುಂಬಿದ ಮಧುಮೇಹ.

ಅಡುಗೆಯ ಚಿಟಿಕೆ ಬಿಟ್ಟು ಮಾತ್ರೆಗೆ ಬಂದರೆ ಇನ್ನೊಂದು ತೊಡಕಿದೆ. “ಬೇರೆ ಯಾವ ಔಷಧ ತಗೋತೀರಮ್ಮ?” ಎಂದು ವೈದ್ಯರು ಕೇಳಿದಾಗ ಅರಿಶಿನದ ಮಾತ್ರೆಯ ಹೆಸರು ಹೊರಬರುವುದು ಅಪರೂಪ. ಅದು ಔಷಧವಲ್ಲ, ಅಡುಗೆಮನೆಯದು ಎಂಬ ನಂಬಿಕೆ. ಆದರೆ ಕರ್ಕ್ಯುಮಿನ್ನನ್ನು ಹೊರಹಾಕಲು ಯಕೃತ್ತು ಬಳಸುವ ಕಿಣ್ವಗಳನ್ನೇ ಮಾತ್ರೆಯಲ್ಲಿ ಬೆರೆತ ಪೈಪರಿನ್ ತಡೆಯುತ್ತದೆ. ಅಮೆರಿಕದ ಔಷಧಜನ್ಯ ಯಕೃತ್ ಹಾನಿ ಅಧ್ಯಯನ ಜಾಲ ಅರಿಶಿನದ ಪೂರಕಗಳಿಂದ ಹಾನಿಗೊಂಡ 10 ಮಂದಿಯ ವಿವರ ಪ್ರಕಟಿಸಿತು. 7 ಮಂದಿಯಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದೇ ಬಗೆಯ ಎಚ್‌ಎಲ್‌ಎ ವಂಶವಾಹಿ ಇತ್ತು, ಒಬ್ಬರು ತೀರಿಕೊಂಡರು. ಸಾರು ಕುಡಿದವರ ಕಥೆಯಲ್ಲ ಇದು, ಮಾತ್ರೆ ನುಂಗಿದವರದು.

ಆದ್ದರಿಂದ ಈ ಎರಡು ದಿನ ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ: ಕೊಟ್ಟದ್ದು ಇಡೀ ಅರಿಶಿನವೋ ಶುದ್ಧ ಕರ್ಕ್ಯುಮಿನ್ನೋ, ಜೊತೆಗೆ ಎಣ್ಣೆ, ಮೆಣಸು ಎಷ್ಟಿತ್ತು ಎಂಬುದನ್ನು ಮೊದಲ ಸ್ಲೈಡಿನಲ್ಲೇ ಹೇಳಿ. ರಕ್ತದ ಅಂಕಿಗಳ ಪಕ್ಕದಲ್ಲಿ ಮಲದ ಪಿತ್ತಾಮ್ಲದ ಅಂಕಿಯನ್ನೂ ಇಡಿ.