ಶಾಲೆಯ ಗಣಿತವೂ ನೆಲದ ಅಳತೆಯೂ

(ಸಹಕಾರನಗರದಲ್ಲಿ ಉಪಾಧ್ಯಾಯರ ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಗಣಿತವನ್ನು ಕಲಿಸುವವರ ಮುಂದೆ ಗಣಿತದ ವಿಷಯವಾಗಿ ಮಾತನಾಡಲು ವಕೀಲನಿಗೇನು ಅಧಿಕಾರವೆಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ ಸರಿ. ನಮ್ಮ ಉತ್ತರವಿಷ್ಟೆ: ಶಾಲೆಯಲ್ಲಿ ಕಲಿಸದೆ ಬಿಟ್ಟ ಅಳತೆಯು ಕಟ್ಟಕಡೆಗೆ ವ್ಯಾಜ್ಯವಾಗಿ ನಮ್ಮ ಮೇಜಿನ ಮೇಲೆ ಬಂದು ಬೀಳುತ್ತದೆ. ಬೇಲಿಯ ಜಗಳ, ಗೋಡೆಯ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ, ಇವೆಲ್ಲವೂ ದುರಾಶೆಯಿಂದಲೇ ಹುಟ್ಟಿದವೆಂದು ಜನರು ತಿಳಿದಿರುವರು. ಹಾಗಲ್ಲ. ಅವುಗಳಲ್ಲಿ ಅನೇಕವು ಅಳೆಯಲು ಬಾರದುದರಿಂದ ಹುಟ್ಟಿದವು. ಅಳೆಯಲು ಬಲ್ಲವನನ್ನು ವಂಚಿಸುವುದು ಕಷ್ಟ. ಅವನು ತಾನೇ ತಪ್ಪಿ ನೆರೆಯವನ ನೆಲವನ್ನು ಒತ್ತುವುದೂ ವಿರಳ.

ನಮ್ಮ ಮಕ್ಕಳು ಗಣಿತದಲ್ಲಿ ಹಿಂದುಳಿದವರಲ್ಲ. ನೂರಕ್ಕೆ ನೂರು ಅಂಕ ಪಡೆದವರು ಬೀದಿಬೀದಿಗೂ ಉಂಟು. ಆದರೆ ಆ ನೂರು ಅಂಕದ ಹುಡುಗನ ಕೈಗೆ ತನ್ನ ತಾತನ ಹೊಲದ ಪಹಣಿಯನ್ನು ಕೊಟ್ಟು ನೋಡಿರಿ. ಅದರಲ್ಲಿ ವಿಸ್ತೀರ್ಣವು 2-20 ಎಂದಿದ್ದರೆ, ಅವನು ಅದನ್ನು ದಶಾಂಶವೆಂದು ಬಗೆದು ಎರಡೂ ಕಾಲು ಎಕರೆಗೂ ಕಡಿಮೆಯೆಂದು ಹೇಳುವನು. ಅದು 2 ಎಕರೆ 20 ಗುಂಟೆ. ಎಂದರೆ ಸರಿಯಾಗಿ ಎರಡೂವರೆ ಎಕರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ ಒಂದು ಗುಂಟೆ. ಅದು 1089 ಚದರಡಿ. ಈ ನಾಲ್ಕು ವಾಕ್ಯಗಳನ್ನು ಅರಿಯದೆ ಪದವೀಧರರಾದವರು ನಮ್ಮಲ್ಲಿ ಎಷ್ಟು ಮಂದಿ!

ಕ್ರಯಪತ್ರದಲ್ಲಿ ಬರೆಯದ ಐವತ್ತು ಅಡಿ

ಹೊಲವನ್ನು ಬಿಡಿರಿ, ಇಲ್ಲಿ ಕುಳಿತವರಲ್ಲಿ ಬಹುಮಂದಿ ಮನೆ ನಿವೇಶನಗಳ ಒಡೆಯರು, ಇಲ್ಲವೆ ಒಡೆಯರಾಗಲು ಹಣ ಕೂಡಿಡುತ್ತಿರುವವರು. ಬೆಂಗಳೂರಿನಲ್ಲಿ ಎಲ್ಲಕ್ಕಿಂತ ಪರಿಚಿತವಾದ ನಿವೇಶನವು 30 ಅಡಿಗೆ 40 ಅಡಿಯದು. ಕೊಳ್ಳುವವನು ಟೇಪು ಹಿಡಿದು ನಾಲ್ಕು ಬದಿಗಳನ್ನೂ ಅಳೆಯುತ್ತಾನೆ. 30, 40, 30, 40. ಸರಿಯಾಯಿತೆಂದು ನೆಮ್ಮದಿಯಿಂದ ಹಣ ಎಣಿಸುತ್ತಾನೆ. ಆದರೆ ನಾಲ್ಕು ಬದಿಗಳು ಸರಿಯಿದ್ದ ಮಾತ್ರಕ್ಕೆ ನೆಲ ಸರಿಯಿದೆಯೆ?

ನಾಲ್ಕು ಕಡ್ಡಿಗಳನ್ನು ತುದಿತುದಿಗೆ ದಾರದಿಂದ ಕಟ್ಟಿ ಒಂದು ಚೌಕಟ್ಟು ಮಾಡಿರಿ. ಒಂದು ಮೂಲೆಯನ್ನು ಹಿಡಿದು ಎಳೆಯಿರಿ. ಕಡ್ಡಿಗಳ ಉದ್ದವು ಕೂದಲೆಳೆಯಷ್ಟೂ ಬದಲಾಗದು. ಆದರೆ ಚೌಕಟ್ಟು ವಾಲುತ್ತ ವಾಲುತ್ತ ಕೊನೆಗೆ ಚಪ್ಪಟೆಯಾಗಿ ಬೀಳುವುದು. ಒಳಗಿದ್ದ ನೆಲವೆಲ್ಲಿ ಹೋಯಿತು? ಬದಿಗಳು ನೆಲವನ್ನು ಕಾಯಲಾರವು. ಮೂಲೆಯಿಂದ ಮೂಲೆಗೆ ಎಳೆದ ಕರ್ಣವೇ ಅದನ್ನು ಕಾಯುವುದು. ಮೂಲೆಗಳು ನೆಟ್ಟಗಿದ್ದರೆ 30ಕ್ಕೆ 40ರ ನಿವೇಶನದ ಕರ್ಣವು 50 ಅಡಿಯೇ ಇರಬೇಕು. ಅದು 44 ಅಡಿ ಬಂದಿತೆನ್ನಿ. ಆಗ ಒಳಗಿರುವುದು 1200 ಚದರಡಿಯಲ್ಲ, ಸುಮಾರು 1166 ಮಾತ್ರ. ಒಂದು ಸ್ನಾನದ ಮನೆಯಷ್ಟು ನೆಲವು, ಯಾವ ಬದಿಯೂ ಸುಳ್ಳು ಹೇಳದೆ, ಮಾಯವಾಯಿತು! ಕ್ರಯಪತ್ರದಲ್ಲಿ ಈ ಐವತ್ತು ಅಡಿಯನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮುಂದೆ ಪತ್ರದ ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ವಿರೋಧ ಬಂದಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಯನ್ನೇ ಎತ್ತಿಹಿಡಿಯುವುವು. ಕಾಗದದ ಮೇಲಿನ 1200 ಆಗ ಕಾಗದದ ಮೇಲೆಯೇ ಉಳಿಯುವುದು.

ಬದಿಗಳು ಸಮವಿಲ್ಲದ ನೆಲಕ್ಕೆ ದಲ್ಲಾಳಿಗಳ ಲೆಕ್ಕವೊಂದುಂಟು: ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಿ, ಬಂದ ಎರಡು ಸಂಖ್ಯೆಗಳನ್ನು ಗುಣಿಸುವುದು. ಈ ಲೆಕ್ಕವು ಆಯತಕ್ಕೆ ಮಾತ್ರ ಸರಿ. ಉಳಿದ ಯಾವ ಚತುರ್ಭುಜಕ್ಕೂ ಅದು ನಿಜಕ್ಕಿಂತ ಹೆಚ್ಚನ್ನೇ ತೋರಿಸುವುದು, ಕಡಿಮೆಯನ್ನು ಎಂದಿಗೂ ತೋರಿಸದು. ತಪ್ಪು ಯಾವಾಗಲೂ ಮಾರುವವನ ಕಡೆಗೇ ವಾಲಿರುವ ಲೆಕ್ಕವಿದು!

ನಮ್ಮ ಪೂರ್ವಿಕರ ವಿವೇಕ

ಇದು ಹೊಸ ಶೋಧವೆಂದು ತಿಳಿಯಬೇಡಿರಿ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಕ್ಷೇತ್ರಫಲವನ್ನು ವ್ಯಾವಹಾರಿಕವೆಂದೂ ಸೂಕ್ಷ್ಮವೆಂದೂ ಎರಡಾಗಿ ವಿಂಗಡಿಸಿದನು. ಮೇಲೆ ಹೇಳಿದ ಸರಾಸರಿಯ ಲೆಕ್ಕವನ್ನು ಅವನು ವ್ಯಾವಹಾರಿಕವೆಂದೇ ಕರೆದು, ನಿಜವಾದ ಫಲಕ್ಕೆ ಬೇರೆ ಮಾರ್ಗವನ್ನು ತೋರಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಗಣಿತವನ್ನು ಜನರ ಮಾತಿನಲ್ಲಿ, ಜನರ ವ್ಯವಹಾರಕ್ಕಾಗಿ ಹೇಳಬೇಕೆಂಬ ವಿಚಾರವು ಈ ನಾಡಿಗೆ ಪರದೇಶದಿಂದ ಬಂದುದಲ್ಲ. ಇಂದಿಗೂ ಪಾಯ ಹಾಕುವ ಮೇಸ್ತ್ರಿಯು ಮೂರು, ನಾಲ್ಕು, ಐದರ ದಾರ ಹಿಡಿದು ಮೂಲೆಯನ್ನು ನೆಟ್ಟಗೆ ಮಾಡುವನು. ಶಾಲೆಯ ಮೆಟ್ಟಿಲನ್ನೇ ಹತ್ತದ ಮೇಸ್ತ್ರಿಗೂ ತಿಳಿದ ಸಂಗತಿಯು ಪ್ರಮೇಯವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ನೆಲದ ಮೇಲೆ ಹೊಳೆಯುವುದಿಲ್ಲವೆಂದರೆ ದೋಷವು ಹುಡುಗನದಲ್ಲ.

ಬೆಂಗಳೂರಿನ ಈ ಉತ್ತರ ಭಾಗಕ್ಕಂತೂ ಅಳತೆಯ ನಂಟು ಹಿರಿದು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದನು. ಒಂದು ಬದಿಯನ್ನೂ ಎರಡು ಕೋನಗಳನ್ನೂ ಅರಿತರೆ ತ್ರಿಭುಜದ ಉಳಿದ ಬದಿಗಳು ಲೆಕ್ಕದಿಂದಲೇ ದೊರೆಯುವುವೆಂಬ ಶಾಲೆಯ ಪಾಠದಿಂದ ಮುಂದೆ ಇಡೀ ಹಿಂದೂಸ್ಥಾನವನ್ನೇ ಅಳೆದರು. 1868ರ ಸುಮಾರಿನಲ್ಲಿ ಮತ್ತೊಂದು ರೇಖೆಯನ್ನು ಮೇಖ್ರಿ ವೃತ್ತದ ಬಳಿಯಿಂದ ಬಾಗಲೂರು ರಸ್ತೆಯ ಕಣ್ಣೂರಿನವರೆಗೆ ಅಳೆದರು. ಕಣ್ಣೂರಿನಲ್ಲಿದ್ದ ಆ ಕಾಲದ ಕಟ್ಟಡವು 2024ರಲ್ಲಿ ನೆಲಸಮವಾಯಿತು. ಅದು ಏತಕ್ಕಾಗಿ ನಿಂತಿತ್ತೆಂಬುದನ್ನು ನೆರೆಯ ಶಾಲೆಗಳ ಮಕ್ಕಳು ಅರಿತಿದ್ದರೆ ಅದಕ್ಕೆ ಕಾವಲುಗಾರರು ಬೇಕಿದ್ದರೆ?

ಏಕೀಕರಣದ ಒಂದು ಮಾತನ್ನೂ ಇಲ್ಲಿ ಹೇಳಲೇಬೇಕು. 1956ರಲ್ಲಿ ಕನ್ನಡ ಪ್ರಾಂತಗಳು ಒಂದಾದುವು; ಅದೇ ವರುಷ ದೇಶಕ್ಕೆ ಮೆಟ್ರಿಕ್ ಅಳತೆಯ ಕಾಯಿದೆಯೂ ಬಂದಿತು. ಆದರೂ ಮಂಗಳೂರು, ಕಾಸರಗೋಡುಗಳ ಕಡೆಯವರು ನೆಲವನ್ನು ಸೆಂಟ್ಸಿನಲ್ಲಿ ಹೇಳುವರು. ಧಾರವಾಡದವರೂ ಬೆಂಗಳೂರಿನವರೂ ಗುಂಟೆಯಲ್ಲಿ ಹೇಳುವರು. ಎಕರೆಗೆ 100 ಸೆಂಟ್ಸು; ಆದುದರಿಂದ ಗುಂಟೆಗೆ ಎರಡೂವರೆ ಸೆಂಟ್ಸು. ಇಷ್ಟನ್ನು ಕಲಿಸಿದರೆ ಒಂದು ಕಡೆಯ ಕನ್ನಡಿಗನ ನೆಲದ ಮಾತು ಇನ್ನೊಂದು ಕಡೆಯವನಿಗೆ ತಿಳಿಯುವುದು.

ಹೇಗೆ ಕಲಿಸಬೇಕು?

1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಶಿಕ್ಷಣವು ಕೈಗೆಲಸದ ಮೂಲಕವೇ ನಡೆಯಬೇಕೆಂದು ಪ್ರತಿಪಾದಿಸಿದರು. ನಾವು ಬೇಡುವುದು ಅಷ್ಟು ದೊಡ್ಡ ಬದಲಾವಣೆಯನ್ನಲ್ಲ. ವಾರಕ್ಕೊಂದು ತಾಸನ್ನು ಮಾತ್ರ. ಒಂದು ಹಗ್ಗಕ್ಕೆ ಹನ್ನೆರಡು ಸಮಭಾಗಗಳ ಗುರುತು ಹಾಕಿ ಮೂರು ಗೂಟಗಳಿಗೆ ಸುತ್ತಿಸಿರಿ. ಲಂಬಕೋನವು ಮಕ್ಕಳ ಕೈಯಲ್ಲೇ ಹುಟ್ಟಲಿ. ಶಾಲೆಯ ಅಂಗಳವನ್ನು ಅಳೆಯಿಸಿ, ಮೀಟರಿಗೆ ಒಂದು ಸೆಂಟಿಮೀಟರಿನಂತೆ ನಕಾಶೆ ಬರೆಯಿಸಿರಿ. ಮೂರಡಿಯ ಕೋಲಿನ ನೆರಳು ಎರಡಡಿ ಇರುವಾಗ ತೆಂಗಿನ ಮರದ ನೆರಳು 24 ಅಡಿ ಇದ್ದರೆ, ಮರವು 36 ಅಡಿಯೆಂಬುದನ್ನು ಹತ್ತದೆಯೇ ಹೇಳಿಸಿರಿ.

ನೀರಿನ ಲೆಕ್ಕವನ್ನೂ ಬಿಡಬೇಡಿರಿ. 2024ರ ಬೇಸಗೆಯಲ್ಲಿ ಬೆಂಗಳೂರು ನೀರಿಗಾಗಿ ಪಟ್ಟ ಬವಣೆಯನ್ನು ಯಾರೂ ಮರೆತಿಲ್ಲ. 8 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳದ ಸಂಪು 240 ಘನ ಅಡಿ. ಘನ ಅಡಿಗೆ 28 ಲೀಟರು ಮೀರುವುದರಿಂದ ಅದು ಸುಮಾರು 6,800 ಲೀಟರು ಹಿಡಿಯುವುದು. ಇದನ್ನು ಬಲ್ಲ ಹುಡುಗಿಯು ಟ್ಯಾಂಕರಿನವನು ಹೇಳಿದ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಳು. ನೂರು ಚದರ ಮೀಟರು ಮಾಳಿಗೆಯ ಮೇಲೆ ಹತ್ತು ಮಿಲಿಮೀಟರು ಮಳೆ ಬಿದ್ದರೆ ಅದು ಸಾವಿರ ಲೀಟರು. ಇದನ್ನು ಅರಿತ ಮನೆಯವರು ಅಷ್ಟನ್ನೂ ಚರಂಡಿಗೆ ಬಿಡಲು ಹಿಂದೆಮುಂದೆ ನೋಡುವರು.

'ಇವು ಪರೀಕ್ಷೆಗೆ ಬರುವುದಿಲ್ಲವಲ್ಲ!' ಎಂದು ಕೆಲವರು ಆಕ್ಷೇಪಿಸುವರು. ಪ್ರಮೇಯವು ಪರೀಕ್ಷೆಗೆ ಬರುವುದಷ್ಟೆ? ಗೂಟ ನೆಟ್ಟು ಅದನ್ನು ಕಂಡವನು ಪರೀಕ್ಷೆಯಲ್ಲಿಯೂ ಮರೆಯಲಾರನು. ಪರೀಕ್ಷೆಯಾದರೋ ಒಂದು ದಿನದ್ದು. ನೆಲ ಕೊಳ್ಳುವ, ಮನೆ ಕಟ್ಟುವ, ತಮ್ಮನಿಗೆ ಪಾಲು ಕೊಡುವ ದಿನಗಳು ಬಾಳಿನುದ್ದಕ್ಕೂ ಬರುವುವು, ಅಲ್ಲಿ ಪುನಃಪರೀಕ್ಷೆಯಿಲ್ಲ.

ಉಪಾಧ್ಯಾಯ ಬಂಧುಗಳೇ, ತಮ್ಮ ಊರಿನ ಹೆಸರೇ ಸಹಕಾರ. ಇಲ್ಲಿಯ ಹಿರಿಯರು ಟೇಪನ್ನು ಕೊಡಲಿ, ಮೇಸ್ತ್ರಿಗಳು ಮೂಲೆಮಟ್ಟವನ್ನು ತರಲಿ, ತಾವು ಮಕ್ಕಳನ್ನು ಅಂಗಳಕ್ಕೆ ಕರೆತನ್ನಿರಿ. ಬರುವ ವರುಷ ಈ ಬಡಾವಣೆಯ ಒಂದೊಂದು ಮಗುವೂ ತನ್ನ ಮನೆಯ ನಿವೇಶನದ ಕರ್ಣವನ್ನು ತಾನೇ ಅಳೆದು ಹೇಳುವಂತಾಗಲಿ. ನಮ್ಮ ವೃತ್ತಿಗೆ ಇದರಿಂದ ಕೆಲವು ಮೊಕದ್ದಮೆಗಳ ನಷ್ಟವಾದೀತು. ಆ ನಷ್ಟವನ್ನು ನಾವು ಸಂತೋಷದಿಂದ ಹೊರುವೆವು.