ಗಿಟಾರಿಗೆ ಏರಿದ ಶಿಶುನಾಳದ ಪದ

(ಉಪನ್ಯಾಸದ ಪಠ್ಯ)



ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತದ ಮಾತು ಬಂದರೆ ಮೊದಲು ನೆನಪಾಗುವವರು ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು. ರಾಕ್ ಸಂಗೀತಕ್ಕೂ ಈ ನೆಲಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿಯಾರು. ಸಂಬಂಧ ಇದೆ. ಕನ್ನಡದಲ್ಲಿ ಹಾಡಿ ಹೊರದೇಶದಲ್ಲೂ ಹೆಸರಾದ ರಾಕ್ ತಂಡಗಳಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರದು ಪ್ರಮುಖ. ಅದರ ಜನಪ್ರಿಯ ಹಾಡುಗಳಾದ ‘ಗುಡುಗುಡಿಯಾ’, ‘ಸೋರುತಿಹುದು’, ‘ಲೋಕದ ಕಾಳಜಿ’ ಈ ಮೂರರ ಕರ್ತೃ ಮೈಸೂರಿನವರಲ್ಲ, ಬೆಂಗಳೂರಿನವರೂ ಅಲ್ಲ. ಹುಬ್ಬಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಹೋಗಿ ಬರಬಹುದಾದ ಶಿಶುನಾಳದ ಷರೀಫರು.

ಮೊದಲ ಎರಡು ಹಾಡುಗಳು ತಂಡದ 2008ರ ಚೊಚ್ಚಲ ಆಲ್ಬಂನಲ್ಲಿವೆ. ಮೂರನೆಯದು 2013ರ ‘ಜಗ್ ಚಂಗಾ’ದಲ್ಲಿದೆ. ಈ ನಡುವೆ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು.

ಷರೀಫರ ಕಾಲ 1819ರಿಂದ 1889. ಗುರು, ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದ ಭಟ್ಟರು. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ. ಇಬ್ಬರೂ ಊರವರ ಟೀಕೆಗೆ ಅಂಜಲಿಲ್ಲ. ಷರೀಫರ ತತ್ವಪದಗಳನ್ನು ಬಹುಕಾಲ ಉಳಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಹಳ್ಳಿಯ ಭಜನೆ. ಏಕತಾರಿ, ತಾಳ, ದಮ್ಮಡಿಯ ಮೇಳದಲ್ಲಿ ಅವು ಬಾಯಿಂದ ಬಾಯಿಗೆ ಸಾಗಿದವು. ಮುಂದೆ ಸಿ. ಅಶ್ವಥ್ ಅವನ್ನು ನಾಡಿನ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂತು. ಭಜನೆ, ಕ್ಯಾಸೆಟ್, ಸಿನಿಮಾ ದಾಟಿ ಪದ ಗಿಟಾರಿಗೆ ಏರಿತು.

ಹಾಡು ದೂರ ಹೋಯಿತು, ಸರಿ. ಅರ್ಥವೂ ಜತೆಗೆ ಹೋಯಿತೇ?

‘ಸೋರುತಿಹುದು’ ಹಾಡನ್ನೇ ನೋಡಿ. ಧಾರವಾಡದ ಹಳ್ಳಿಗಳಲ್ಲಿ ಮಣ್ಣಿನ ಮೇಲ್ಮುದ್ದಿಯ ಮನೆಗಳಿದ್ದವು. ತೊಲೆ, ಜಂತಿಗಳ ಮೇಲೆ ಮಣ್ಣು ಬಡಿದು ಮಾಡಿದ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹರವಿ ಬಿರುಕು ಮುಚ್ಚಬೇಕು. ಮೈಮರೆತ ಮನೆಯವನ ಮಾಳಿಗೆ ಮೊದಲ ಮಳೆಗೇ ಸೋರುತ್ತದೆ. ಷರೀಫರ ಕಣ್ಣಿಗೆ ಈ ಮನೆಯೇ ಮನುಷ್ಯ. ಸೋರುವುದು ಅಜ್ಞಾನದಿಂದ. ವರ್ಷವರ್ಷವೂ ನೋಡಿಕೊಳ್ಳದಿದ್ದರೆ ಮಾಳಿಗೆಯೂ ಉಳಿಯದು, ಮನಸ್ಸೂ ಉಳಿಯದು. ಅದನ್ನು ಕೇಳಿದ ರೈತನಿಗೆ ವ್ಯಾಖ್ಯಾನ ಬೇಕಿರಲಿಲ್ಲ, ತಲೆ ಎತ್ತಿದರೆ ಸಾಕಿತ್ತು. ಆರ್‌ಸಿಸಿ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಆ ಮಾಳಿಗೆಯೇ ಗೊತ್ತಿಲ್ಲ.

‘ಗುಡುಗುಡಿಯಾ’ದ ಪಾಡಂತೂ ಇನ್ನೂ ವಿಚಿತ್ರ. ಗುಡುಗುಡಿ ಎಂದರೆ ನೀರಿನ ಸದ್ದಿನಿಂದ ಹೆಸರು ಪಡೆದ ಹುಕ್ಕಾ. ಮೋಜಿನ ಕೂಟಗಳಲ್ಲಿ ಅದು ಹೊಗೆಯ ಹಾಡೆಂದೇ ಕುಣಿತಕ್ಕೆ ಒದಗುತ್ತದೆ. ಷರೀಫರು ಹೇಳಿದ ಹುಕ್ಕಾ ಅಂಗಡಿಯದಲ್ಲ, ದೇಹವೇ ಅದು. ಸುಡಬೇಕಾದದ್ದು ತಂಬಾಕನ್ನಲ್ಲ, ಒಳಗಿನ ವಿಕಾರವನ್ನು.

ಹಾಗೆಂದು ರಾಕ್ ಸಂಗೀತವನ್ನು ದೂರುವುದು ನ್ಯಾಯವಲ್ಲ. ಏಕತಾರಿಯ ಜಾಗದಲ್ಲಿ ಗಿಟಾರ್ ಬಂದ ಮಾತ್ರಕ್ಕೆ ಪದ ಕೆಡುವುದಿಲ್ಲ. ಮೈಸೂರು ಕಡೆಯ ಗಾಯಕರೊಬ್ಬರು ಧಾರವಾಡದ ಆಡುಮಾತನ್ನು ಹಾಡಿ, ಕನ್ನಡ ಬಾರದವರ ಕಾಲನ್ನೂ ಕುಣಿಸಿದ್ದು ಸಣ್ಣ ಸಂಗತಿಯಲ್ಲ. ಸಂತರ ಪದ ಸಂತೆಗೂ ಸೇರಿದ್ದೇ.

ಆದರೆ ಅರ್ಥ ಉಳಿಸುವ ಕೆಲಸ ತಂಡದ್ದಲ್ಲ, ಪದ ಹುಟ್ಟಿದ ಸೀಮೆಯದು. ಮೇಲ್ಮುದ್ದಿಯ ಮೇಲೆ ಮಣ್ಣು ಹರವಿದ ಹಿರಿಯರು ಅವಳಿನಗರದ ಅನೇಕ ಮನೆಗಳಲ್ಲಿ ಇನ್ನೂ ಇದ್ದಾರೆ. ಮೊಮ್ಮಗ ಮೊಬೈಲಿನಲ್ಲಿ ಈ ಹಾಡು ಹಾಕಿದಾಗ ಸದ್ದು ಕಡಿಮೆ ಮಾಡು ಎನ್ನುವ ಬದಲು, ಮಾಳಿಗೆ ಹೇಗೆ ಸೋರುತ್ತಿತ್ತು ಎಂದು ಅವರು ಹೇಳಿದರೆ ಸಾಕು. ಷರೀಫರ ಪದ ಪೂರ್ತಿಯಾಗುವುದು ಆಗಲೇ.