ಶ್ವೇತಭವನ ಕಟ್ಟಿದ ಬಡಗಿ
(ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)



ಅಮೆರಿಕದ ಅಧ್ಯಕ್ಷರು ವಾಸಿಸುವ ಶ್ವೇತಭವನದ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಅದರ ನಕ್ಷೆ ಬರೆದವನು ಹಳ್ಳಿಯಲ್ಲಿ ಬಡಗಿ ಕೆಲಸ ಕಲಿತ ಹುಡುಗ ಎಂದರೆ ನಂಬುತ್ತೀರಾ? ಅವನ ಹೆಸರು ಜೇಮ್ಸ್ ಹೋಬನ್. ನಮ್ಮ ಶಾಲೆಗೆ ಐವತ್ತು ತುಂಬಿದ ಈ ದಿನ ಅವನ ಕಥೆ ಹೇಳಲು ಕಾರಣವಿದೆ.

ಹೋಬನ್ ಹುಟ್ಟಿದ್ದು ಐರ್ಲೆಂಡಿನ ಕಿಲ್ಕೆನಿ ಪ್ರಾಂತದ ಕ್ಯಾಲನ್ ಊರಿನ ಹತ್ತಿರ, 18ನೇ ಶತಮಾನದ ನಡುವಿನಲ್ಲಿ. ಮನೆಯವರು ಜಮೀನ್ದಾರನ ಗೇಣಿದಾರರು. ಹುಡುಗ ಆ ಜಮೀನ್ದಾರನ ಎಸ್ಟೇಟಿನಲ್ಲೇ ಮರಗೆಲಸವನ್ನೂ ಗಾಡಿಯ ಚಕ್ರ ಮಾಡುವುದನ್ನೂ ಕಲಿತ. ಆಗ ಐರ್ಲೆಂಡ್ ಇಂಗ್ಲಿಷರ ಹಿಡಿತದಲ್ಲಿತ್ತು. ಕ್ಯಾಥೊಲಿಕ್ ಮನೆತನದವರು ಮೇಲೇರುವ ಅನೇಕ ದಾರಿಗಳನ್ನು ಕಾನೂನೇ ಮುಚ್ಚಿತ್ತು. ತೆರೆದಿದ್ದ ಒಂದು ಬಾಗಿಲೆಂದರೆ ಡಬ್ಲಿನ್ ಸೊಸೈಟಿ ನಡೆಸುತ್ತಿದ್ದ ನಕ್ಷೆ ಬರೆಯುವ ಶಾಲೆ. ಅಲ್ಲಿ ಶುಲ್ಕವಿರಲಿಲ್ಲ. ವಾಸ್ತುಶಿಲ್ಪಿ ಥಾಮಸ್ ಐವರಿ ಅಲ್ಲಿನ ಗುರು. 1780ರಲ್ಲಿ ಹೋಬನ್‌ಗೆ ಪದಕ ಬಂತು. ಅರಮನೆಯ ಚಿತ್ರ ಬರೆದಿದ್ದಕ್ಕಲ್ಲ; ಮೆಟ್ಟಿಲು, ಚಾವಣಿಗಳ ನಕ್ಷೆ ಬರೆದಿದ್ದಕ್ಕೆ!

ಮುಂದೆ ಅವನು ಹಡಗು ಹತ್ತಿ ಅಮೆರಿಕಕ್ಕೆ ಹೋದ. 1785ರಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಕೆಲಸ ಬೇಕೆಂದು ಜಾಹೀರಾತು ಕೊಟ್ಟ. ನಂತರ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಸೇರಿ, 1790ರಲ್ಲಿ ಅಲ್ಲಿ ಯುವಕರಿಗೆ ನಕ್ಷೆ ಕಲಿಸುವ ಸಂಜೆ ಶಾಲೆಯನ್ನು ಪ್ರಕಟಿಸಿದ. ತಾನು ಪಡೆದದ್ದನ್ನು ಹಂಚಲು ಹೊರಟ.

1792ರಲ್ಲಿ ಅಧ್ಯಕ್ಷರ ನಿವಾಸದ ನಕ್ಷೆಗೆ ಸ್ಪರ್ಧೆ ನಡೆಯಿತು. ಡಬ್ಲಿನ್ನಿನ ಲೀನ್‌ಸ್ಟರ್ ಹೌಸನ್ನು ನೆನಪಿನಲ್ಲಿಟ್ಟು ಬರೆದ ಹೋಬನ್‌ನ ನಕ್ಷೆ ಗೆದ್ದಿತು. ಅದೇ ವರ್ಷ ಅಕ್ಟೋಬರ್ 13ರಂದು ಅಡಿಗಲ್ಲು ಬಿತ್ತು. 1814ರಲ್ಲಿ ಬ್ರಿಟಿಷ್ ಸೇನೆ ಆ ಭವನಕ್ಕೆ ಬೆಂಕಿ ಇಟ್ಟಿತು. ಸುಟ್ಟುಹೋದುದನ್ನು ಮತ್ತೆ ಕಟ್ಟಿದವನೂ ಹೋಬನ್ನೇ. 1831ರಲ್ಲಿ ವಾಷಿಂಗ್ಟನ್ನಿನಲ್ಲೇ ತೀರಿಕೊಂಡ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿಯೇ ಇದೆ. ಆದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ಕಟ್ಟಡದ ಸಂಬಳದ ಪಟ್ಟಿಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಟಾಮ್, ಪೀಟರ್, ಬೆನ್, ಹ್ಯಾರಿ, ಡೇನಿಯಲ್ ಎಂಬ ಬಡಗಿಗಳ ಹೆಸರಿದೆ. ಇವರೆಲ್ಲ ಗುಲಾಮರು. ಕೆಲಸ ಇವರದು, ಕೂಲಿ ಒಡೆಯನದು. ಇವರಲ್ಲಿ ಹೆಚ್ಚಿನವರ ಒಡೆಯ ಬೇರಾರೂ ಅಲ್ಲ, ಹೋಬನ್! ತನ್ನ ನಾಡಿನಲ್ಲಿ ಅನ್ಯಾಯದ ಕಾನೂನು ಕಂಡು ಬಂದವನು ಇಲ್ಲಿ ಇನ್ನೊಬ್ಬರ ಬೆವರಿನ ಹಣ ಪಡೆದ.

ಮಕ್ಕಳೇ, ಹೋಬನ್‌ನ ಹಾಗೆ ಪೀಟರನಿಗೂ ಉಳಿ ಹಿಡಿಯಲು ಬರುತ್ತಿತ್ತು, ಬೆನ್ನನಿಗೂ ಮರದ ಗುಣ ಗೊತ್ತಿತ್ತು. ಹೋಬನ್‌ಗೆ ಒಂದು ಶಾಲೆಯ ಬಾಗಿಲು ತೆರೆದಿತ್ತು, ಅವರಿಗೆ ತೆರೆದಿರಲಿಲ್ಲ. ಅವನ ಹೆಸರು ಚರಿತ್ರೆಗೆ ಸೇರಿತು. ಅವರ ಹೆಸರು ಸಂಬಳದ ಪಟ್ಟಿಯಲ್ಲಿ ಉಳಿಯಿತು.

ಸರ್ಕಾರಿ ಶಾಲೆ ಎಂದರೆ ಯಾರ ಮಗು ಎಂದು ಕೇಳದೆ ತೆರೆಯುವ ಬಾಗಿಲು. ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ಎಲ್ಲರೂ ಬಂದಿದ್ದಾರೆಯೇ ಎಂದು ನೋಡಬೇಕು. ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟು ಗ್ಯಾರೇಜಿಗೋ ಗಾರೆ ಕೆಲಸಕ್ಕೋ ಹೋಗುವ ಗೆಳೆಯನೋ ಗೆಳತಿಯೋ ಇದ್ದರೆ ನಿಮ್ಮ ಗುರುಗಳಿಗೆ ತಿಳಿಸಿ, ಸೋಮವಾರ ಜೊತೆಗೆ ಕರೆದುಕೊಂಡು ಬನ್ನಿ. ಸುವರ್ಣ ಮಹೋತ್ಸವಕ್ಕೆ ಅದಕ್ಕಿಂತ ದೊಡ್ಡ ಕಾಣಿಕೆ ಬೇಕಿಲ್ಲ.